ಕಿಲಾರ್ನಿ ಸರೋವರದ ದಡದಲ್ಲಿ ನನ್ನ ಸಫಾರಿ ಅಡುಗೆ

ಆಗ ನನಗೆ ಅರವತ್ತೇಳು. ನಾಲ್ಕು ವರ್ಷದ ಹಿಂದಿನ ಮಾತು, ೨೦೨೧ರ ಆಗಸ್ಟ್. ನನ್ನ ಕೆಲಸ ಕೀನ್ಯಾದ ನೈರೋಬಿಯ ಒಂದು ಸಫಾರಿ ಕಂಪನಿಯಲ್ಲಿ ಅಡುಗೆ. ಆದರೆ ನಾನು ಇದ್ದದ್ದು ಐರ್ಲೆಂಡಿನ ಕಾರ್ಕ್ ಊರಲ್ಲಿ, ಡಗ್ಲಸ್ ಅನ್ನೋ ಬಡಾವಣೆಯ ಮಗಳ ಮನೆಯಲ್ಲಿ. ಮಗಳು ಶೋಭಾಳ ಬಾಣಂತನಕ್ಕೆ ಅಂತ ಮೂರು ತಿಂಗಳಿಗೆ ಬಂದವಳು. ಕೊರೊನಾ ಬಂತು, ವಿಮಾನ ನಿಂತವು, ಸರ್ಕಾರದವರು ವೀಸಾ ಅವಧಿ ಮುಂದುವರಿಸುತ್ತಾ ಹೋದರು. ಮೂರು ತಿಂಗಳು ಒಂದೂವರೆ ವರ್ಷ ಆಯಿತು.

ಕ್ಯಾಂಪಿಂಗ್ ಸಫಾರಿ ಅಂದರೆ ಏನು ಅಂತ ಮೊದಲೇ ಹೇಳಿಬಿಡುತ್ತೇನೆ. ಅದರಲ್ಲಿ ಹೋಟೆಲ್ ಇರುವುದಿಲ್ಲ. ಒಂದು ದೊಡ್ಡ ಲಾರಿ, ಅದರೊಳಗೆ ಟೆಂಟು, ಹಾಸಿಗೆ, ಗ್ಯಾಸು, ನೀರು. ಇವತ್ತು ನಕೂರು ಸರೋವರ, ನಾಳೆ ನೈವಾಶಾ, ಆಮೇಲೆ ಮಾಸಾಯಿ ಮಾರಾ ಕಾಡು. ಪ್ರವಾಸಿಗಳು ಬೆಳಗ್ಗೆ ಎದ್ದು ಪ್ರಾಣಿ ನೋಡಲು ಹೋಗುತ್ತಾರೆ, ಅದಕ್ಕೆ ಗೇಮ್ ಡ್ರೈವ್ ಅನ್ನುತ್ತಾರೆ. ಅವರು ಸಿಂಹ ನೋಡಿಕೊಂಡು ಬರುವಷ್ಟರಲ್ಲಿ ಅಡುಗೆಯವಳ ಊಟ ಬಿಸಿಯಾಗಿ ಕಾದಿರಬೇಕು. ನನ್ನ ಗಂಡ ಅಲ್ಲಿ ರಸ್ತೆ ಮಾಡುವ ಕಂಪನಿಯಲ್ಲಿ ಡ್ರೈವರ್ ಆಗಿದ್ದ. ತೀರಿಕೊಂಡ. ನಾನು ಊರಿಗೆ ವಾಪಸ್ ಹೋಗಲಿಲ್ಲ, ಲಾರಿ ಹತ್ತಿದೆ. ಗುಜರಾತಿಗಳು, ನಮ್ಮ ಕಡೆಯವರು, ಮಾಂಸ ತಿನ್ನದವರು ಯಾರು ಬಂದರೂ ನನ್ನ ಲಾರಿಗೇ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಇದಕ್ಕಿಂತ ಒಳ್ಳೆ ಕೆಲಸ ಯಾರೂ ಕೊಡುತ್ತಿರಲಿಲ್ಲ. ಕೊಟ್ಟಿದ್ದರೂ ನಾನು ಮಾಡುತ್ತಿರಲಿಲ್ಲ.

ಐರ್ಲೆಂಡಿನ ಆ ಬೇಸಿಗೆಯಲ್ಲಿ ಸಫಾರಿ ಕಂಪನಿಯ ಮಾಲೀಕ ಪ್ರವೀಣಭಾಯಿ ಫೋನ್ ಮಾಡಿದ. ಲಾರಿಗಳು ಮತ್ತೆ ಹೊರಡುತ್ತವೆ, ಬರುವುದಾದರೆ ಬೇಗ ಹೇಳಿ, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಅಂದ.

ಶೋಭಾ ಪಕ್ಕದಲ್ಲೇ ಇದ್ದಳು. “ಅಮ್ಮ, ವಯಸ್ಸೆಷ್ಟು ನಿಂಗೆ? ಇಲ್ಲೇ ಇರು. ಮಗು ಆಡಿಸ್ಕೊಂಡು ಟಿವಿ ನೋಡು.”

“ಟಿವಿ ನೋಡಿದ್ರೆ ವಯಸ್ಸು ಕಮ್ಮಿಯಾಗುತ್ತಾ?” ಅಂದೆ.

ಅದೇ ವಾರ ಡಾಕ್ಟರ್ ವಸುಧಾ ಮನೆಗೆ ಬಂದಳು. ಮೈಸೂರಲ್ಲಿ ಓದಿದವಳು, ಕಾರ್ಕಿನ ಆಸ್ಪತ್ರೆಯಲ್ಲಿ ಕೆಲಸ. ಹಿಂದಿನ ವರ್ಷ ಅವಳೂ ಇನ್ನೆರಡು ಮನೆಯವರೂ ಸೇರಿ ಕೀನ್ಯಾ ಸಫಾರಿಗೆ ಬುಕ್ ಮಾಡಿದ್ದರಂತೆ. ಅದು ಕೊರೊನಾ ಪಾಲಾಗಿತ್ತು.

“ಆಂಟಿ, ಆಫ್ರಿಕಾ ಅಂತೂ ಹೋಯ್ತು. ಕಿಲಾರ್ನಿ ಸರೋವರದ ಹತ್ರ ನಾಲ್ಕು ದಿನ ಟೆಂಟ್ ಹಾಕೋಣ ಅಂತ. ಅಲ್ಲಿ ಕಾಡು ಜಿಂಕೆ ಇದಾವೆ. ಥೇಟ್ ಸಫಾರಿ ಥರಾನೇ ಆಗ್ಬೇಕು. ಅಡುಗೆ ನೀವು ಮಾಡ್ತೀರಾ? ಸಂಬಳ ಕೊಟ್ಟೇ ಕರ್ಕೊಂಡು ಹೋಗೋದು.”

ಅವಳ ಮಾತು ಮುಗಿಯುವ ಮೊದಲೇ ಹೂಂ ಅಂದೆ. ಶೋಭಾ ಮಧ್ಯೆ ಬಾಯಿ ಹಾಕಿದಳು. “ಮಗೂನ ಅವರಪ್ಪ ನೋಡ್ಕೊಳ್ಳಲಿ, ನಾನೂ ಬರ್ತೀನಿ. ನಾಲ್ಕು ದಿನಾನೂ ಅಡುಗೆ ನೀನೇ ನಿಭಾಯಿಸಿದ್ರೆ ನೈರೋಬಿಗೆ ಟಿಕೆಟ್ ನಾನೇ ತೆಗೀತೀನಿ. ಆಗ್ಲಿಲ್ಲ ಅಂದ್ರೆ ಆ ಮಾತು ಇನ್ನೆತ್ತಬಾರದು.”

“ಆಯ್ತು” ಅಂದೆ. ಅವಳು ಹಟ ಕಲಿತದ್ದು ನನ್ನಿಂದಲೇ.

ಕಿಲಾರ್ನಿಯಲ್ಲಿ ಕಾರುಗಳ ಹಿಂಬಾಗಿಲು ತೆಗೆದಾಗ ನಾನು ಹಣೆ ಚಚ್ಚಿಕೊಂಡೆ. ಅಡುಗೆಯವಳನ್ನು ಕರೆತಂದಿದ್ದಾರೆ, ಆದರೂ ಪ್ರತಿ ಮನೆಯವರೂ ‘ಆಂಟಿಗೆ ಒಬ್ಬರಿಗೇ ಯಾಕೆ ತೊಂದರೆ’ ಅಂತ ಡಬ್ಬಿ ತುಂಬಿ ತಂದಿದ್ದಾರೆ. ಪುಳಿಯೋಗರೆ, ಮತ್ತೆ ಪುಳಿಯೋಗರೆ, ಚಪಾತಿ, ಕೋಡುಬಳೆ, ಚಟ್ನಿಪುಡಿ. ಸಾಲದು ಅಂತ ಕುಕ್ಕರು ಬೇರೆ, ಮನೆಗೆರಡು. ಟೆಂಟಿನ ಗೂಟ ಹೊಡೆಯಲು ಮಾತ್ರ ಒಂದು ಸುತ್ತಿಗೆ ಇಲ್ಲ. ಗಂಡಸರು ಕಲ್ಲು ಹುಡುಕಿಕೊಂಡು ಹೋದರು.

ಸಂಜೆ ಒಲೆ ಹಚ್ಚಿದೆ. ವಸುಧಾ ಓಡಿ ಬಂದು ಕೈಯಿಂದ ಚಾಕು ಕಿತ್ತುಕೊಂಡಳು. “ಅಯ್ಯೋ ಆಂಟಿ, ನೀವು ಕೂತ್ಕೊಳ್ಳಿ, ನಾವಿದ್ದೀವಲ್ಲ!” ಒಬ್ಬಳು ಮಡಚುವ ಕುರ್ಚಿ ತಂದಳು, ಇನ್ನೊಬ್ಬಳು ಕಾಲ ಮೇಲೆ ಶಾಲು ಹೊದಿಸಿದಳು. ನಾನು ಏಳುವುದು, ಅವರು ಕೂರಿಸುವುದು. ಡಬ್ಬಿ ತೆರೆದರು, ತಿಂದರು, ನನಗೂ ತಟ್ಟೆ ಕೈಗೇ ತಂದುಕೊಟ್ಟರು. ಪಾತ್ರೆಗೆ ಒಂದು ಚಿಟಿಕೆ ಉಪ್ಪು ಹಾಕುವುದಕ್ಕೂ ಬಿಡಲಿಲ್ಲ.

ಎದುರಿಗೆ ಶೋಭಾ ಕೂತಿದ್ದಳು. “ಏನಮ್ಮ, ಮೊದಲ ದಿನ ಆಯ್ತಲ್ಲ. ಏನು ಅಡುಗೆ ಮಾಡಿದೆ?”

“ಇವರು ಬಿಟ್ರೆ ತಾನೆ!”

“ಅದೆಲ್ಲ ನಂಗೊತ್ತಿಲ್ಲಪ್ಪ.” ನಗು ತಡೆದುಕೊಂಡು ತುಟಿ ಕಚ್ಚಿದ್ದಳು.

ಇವರು ಕೆಟ್ಟವರಲ್ಲ. ತಾಯಿ ವಯಸ್ಸಿನವಳು ಒಲೆ ಮುಂದೆ ಬಗ್ಗಿರುವಾಗ ತಾವು ಕೂತಿರುವುದಕ್ಕೆ ಅವರಿಗೆ ಮನಸ್ಸು ಬರಲಿಲ್ಲ, ಅಷ್ಟೇ. ಆದರೆ ಅವರ ಮರ್ಯಾದೆಗೆ ನನ್ನ ಕೆಲಸ ಹೋಗುತ್ತಿತ್ತು. ಆ ಡಬ್ಬಿಗಳಲ್ಲಿ ನಾಲ್ಕು ದಿನಕ್ಕಾಗುವಷ್ಟು ಇತ್ತು. ಡಬ್ಬಿ ಇರುವವರೆಗೆ ಕುರ್ಚಿ ತಪ್ಪಿದ್ದಲ್ಲ.

ಮಾರನೇ ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದೆ. ಡಬ್ಬಿಗಳನ್ನೆಲ್ಲ ಹೊತ್ತು ಕ್ಯಾಂಪಿನ ನಡುವೆ ಇದ್ದ ಮರದ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಮಾಸ್ಕ್ ಹಾಕಿಕೊಂಡು, ಉದ್ದ ಸೌಟು ಹಿಡಿದು ನಿಂತೆ. ಪಕ್ಕದ ಟೆಂಟಿನ ಐರಿಶ್ ಹೆಂಗಸು ಬ್ರೀಡಾ ಕೆಟಲ್ ತುಂಬಿಸಲು ಬಂದಳು. “ಈಟ್, ಈಟ್. ಪ್ಲೇಟ್ ಬ್ರಿಂಗ್” ಅಂದೆ. ನನ್ನ ಇಂಗ್ಲಿಷ್ ಲಾರಿಯದು, ಕೆಲಸಕ್ಕೆ ಸಾಕು. ಅವಳು ತಟ್ಟೆ ತಂದು ಎರಡು ಮೀಟರ್ ದೂರ ನಿಂತು ಕೈ ಚಾಚಿದಳು. ಪುಳಿಯೋಗರೆ ಬಾಯಿಗೆ ಹಾಕಿದಳು. ಕಣ್ಣಲ್ಲಿ ನೀರು ಬಂತು, ಮೂಗು ಒರೆಸಿಕೊಂಡಳು, “ದಟ್ಸ್ ಗ್ರ್ಯಾಂಡ್!” ಅಂತ ಮತ್ತೆ ತಟ್ಟೆ ಒಡ್ಡಿದಳು. ಅವಳ ಹಿಂದೆ ಗಂಡ, ಆಮೇಲೆ ಆಚೆ ಟೆಂಟಿನವರು, ಮಕ್ಕಳು, ವ್ಯಾನಿನಲ್ಲಿ ಬಂದಿದ್ದ ಮುದುಕರು. ದೂರ ದೂರ ನಿಂತದ್ದಕ್ಕೆ ಸಾಲು ನಲ್ಲಿಯವರೆಗೂ ಹೋಯಿತು. ಕೋಡುಬಳೆಯನ್ನು ಮಕ್ಕಳು ಉಂಗುರದಂತೆ ಬೆರಳಿಗೆ ಹಾಕಿಕೊಂಡು ಓಡಾಡಿದರು.

ವಸುಧಾ ಕಣ್ಣುಜ್ಜಿಕೊಂಡು ಟೆಂಟಿನಿಂದ ಹೊರಗೆ ಬಂದಳು. “ಆಂಟಿ, ನಮ್ಮ ಡಬ್ಬಿಗಳೆಲ್ಲಿ?”

“ತೊಳೆದು ಬೋರಲು ಹಾಕಿದ್ದೀನಿ.”

“ಒಳಗಿದ್ದದ್ದು?”

“ಅವರನ್ನ ಕೇಳು.”

ಬ್ರೀಡಾ ಆ ಕಡೆಯಿಂದ ಕೈ ಬೀಸಿದಳು. ವಸುಧಾ ನಗಲು ಶುರು ಮಾಡಿದಳು. ನಕ್ಕು ನಕ್ಕು ಒದ್ದೆ ಹುಲ್ಲಿನ ಮೇಲೇ ಕೂತುಬಿಟ್ಟಳು. ಆ ಆಸ್ಪತ್ರೆಯಲ್ಲಿ ಒಂದೂವರೆ ವರ್ಷ ನಗೋಕೆ ಪುರುಸೊತ್ತು ಸಿಕ್ಕಿರಲಿಲ್ಲವೇನೋ, ಎಲ್ಲ ಸೇರಿಸಿ ನಕ್ಕಳು.

ಎಲ್ಲರೂ ಎದ್ದು ಬಂದ ಮೇಲೆ ಹೇಳಿದೆ. “ಈಗ ಕೇಳಿ. ಉಳಿದ ಮೂರು ದಿನ ನಾನು ಆಂಟಿ ಅಲ್ಲ, ಕ್ಯಾಂಪಿನ ಅಡುಗೆಯವಳು. ಸಫಾರಿ ಬೇಕು ಅಂದವರು ನೀವೇ. ಸಫಾರೀಲಿ ಪ್ರವಾಸಿಗಳು ಒಲೆ ಹತ್ರ ಬರಂಗಿಲ್ಲ. ಹೋಗಿ, ಜಿಂಕೆ ನೋಡಿ. ಚೆನ್ನಾಗಿ ಹಸ್ಕೊಂಡು ಬನ್ನಿ.”

ಹೋದರು. ಶೋಭಾ ಮಾತ್ರ ಉಳಿದಳು, ಪೊಲೀಸಿನವಳ ಥರ.

ಮಧ್ಯಾಹ್ನಕ್ಕೆ ಮಳೆ ಹಿಡಿಯಿತು, ಗಾಳಿ ಬೇರೆ. ಒಲೆಯನ್ನು ಕಾರಿನ ಮರೆಗೆ ಎಳೆದುಕೊಂಡೆ. ಹುರುಳಿಕಾಳಿನ ಸಾರು ಕುದಿಯಿತು. ಮುದ್ದೆಗೆ ಎಸರಿಟ್ಟೆ. ಮಾರಾದಲ್ಲಿ ಮೆಕ್ಕೆಜೋಳದ ಹಿಟ್ಟಿನ ಉಗಾಲಿ ತಿರುವಿ ಅಭ್ಯಾಸ, ಆದರೆ ರಾಗಿ ಅದಕ್ಕಿಂತ ಮೊಂಡು. ಅಷ್ಟು ಜನಕ್ಕೆ ಅಂದರೆ ದೊಡ್ಡ ಪಾತ್ರೆ. ಕೆಳಗಿಳಿಸಿ, ಕಾಲಲ್ಲಿ ಅದುಮಿ ಹಿಡಿದು ಕೋಲು ಹಾಕಿದೆ. ಅರ್ಧಕ್ಕೆ ಕೋಲು ನಿಂತುಹೋಯಿತು. ಗಂಟು ಬಿದ್ದರೆ ಮುದ್ದೆ ಹೋಯಿತು, ಮುದ್ದೆ ಹೋದರೆ ನೈರೋಬಿ ಹೋಯಿತು.

ಶೋಭಾ ಕೊಡೆ ಹಿಡಿದು ಓಡಿ ಬಂದಳು. “ಅಮ್ಮ, ಕೊಡಿಲ್ಲಿ ಕೋಲು.”

“ಕೋಲು ಮುಟ್ಟಬೇಡ. ಕೊಡೆ ಹಿಡಿ. ನನ್ನ ಮೇಲಲ್ಲ ಕಣೇ, ಪಾತ್ರೆ ಮೇಲೆ!”

ಹಿಡಿದಳು. ನಾನು ನೆನೆದೆ, ಮುದ್ದೆ ನೆನೆಯಲಿಲ್ಲ. ಎದ್ದು ನಿಂತು ಮೈಭಾರವನ್ನೆಲ್ಲ ಕೋಲಿಗೆ ಬಿಟ್ಟೆ. ಹಿಟ್ಟು ಮಣಿಯಿತು. ಒಂದು ಗಂಟಿಲ್ಲ.

ಅಷ್ಟರಲ್ಲಿ ಅವರೆಲ್ಲ ಬಂದರು, ತೊಪ್ಪೆಯಾಗಿ, ಹಲ್ಲು ಕಟಕಟ ಅನ್ನಿಸುತ್ತಾ. ವಸುಧಾಳ ಮಗಳು ಮೀರಾ ಮುಂದೆ ಓಡಿ ಬಂದಳು. ಇಲ್ಲೇ ಹುಟ್ಟಿದ ಹುಡುಗಿ, ಕನ್ನಡ ಅರ್ಥವಾಗುತ್ತೆ, ಉತ್ತರ ಮಾತ್ರ ಇಂಗ್ಲಿಷು. “ಅಜ್ಜಿ! ವೀ ಸಾ ಎ ಸ್ಟ್ಯಾಗ್! ಹೀ ವಾಸ್ ಮ್ಯಾಸಿವ್!” ಭಾರೀ ಗಂಡು ಜಿಂಕೆ ನೋಡಿದರಂತೆ. “ಕೊಂಬು ಎಷ್ಟುದ್ದ?” ಅಂದೆ. ಎರಡೂ ಕೈ ಚಾಚಿ ತೋರಿಸಿದಳು. ಸಿಂಹ ನೋಡಿ ಬಂದವರ ಮುಖವೂ ಹೀಗೇ ಇರುತ್ತಿತ್ತು.

ಆ ದಿನ ಯಾರೂ ‘ಆಂಟಿ ಕೂತ್ಕೊಳ್ಳಿ’ ಅನ್ನಲಿಲ್ಲ. ಬಾಯಲ್ಲಿ ಮುದ್ದೆ ಇತ್ತು. ಬ್ರೀಡಾ ಕೂಡ ತಟ್ಟೆ ಹಿಡಿದು ಬಂದಳು. ಅಗಿಯಬೇಡ, ನುಂಗು ಅಂದೆ. ನುಂಗಿ ಕೆಮ್ಮಿದಳು, ಸಾವರಿಸಿಕೊಂಡು ಇನ್ನೊಂದು ಕೇಳಿದಳು.

ಮೂರನೇ ದಿನ ಬಿಸಿಲು. ಎಲ್ಲರೂ ದೋಣಿಯಲ್ಲಿ ಸರೋವರ ಸುತ್ತಿದರು. ಬಿಸಿಬೇಳೆಬಾತು ಮಾಡಿಟ್ಟು ನಾನೂ ದಡಕ್ಕೆ ಹೋಗಿ ನಿಂತೆ. ನೈವಾಶಾದಲ್ಲಿ ನೀರುಕುದುರೆ, ಇಲ್ಲಿ ಹಂಸ. ಇವಕ್ಕೆ ಹೆದರಬೇಕಾಗಿಲ್ಲ, ಅಷ್ಟೇ ವ್ಯತ್ಯಾಸ. ನಾಲ್ಕನೇ ದಿನ ಉಪ್ಪಿಟ್ಟು ಬಡಿಸಿ ಪಾತ್ರೆ ಕಟ್ಟಿದೆ.

ವಾಪಸ್ ಬರುವಾಗ ಕಾರು ಓಡಿಸಿದ್ದು ಶೋಭಾ. ದಾರಿಯಲ್ಲಿ, “ನಾಲ್ಕು ದಿನ ಅಂದಿದ್ದೆ. ನೀನು ಮಾಡಿದ್ದು ಮೂರು” ಅಂದಳು.

“ನಾಲ್ಕನೇದನ್ನ ಮಾರಾದಲ್ಲಿ ಮಾಡ್ತೀನಿ.”

ಸ್ಟಿಯರಿಂಗ್ ಮೇಲೆ ಕೈ ತಟ್ಟಿ ನಕ್ಕಳು. “ಎಷ್ಟನೇ ತಾರೀಕಿಗೆ ತೆಗೀಲಿ ಹೇಳು.”

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಅಡುಗೆಗೆ ಮೊದಲು ಬೇಕಾದ್ದು ಎದುರಿನವರ ಹಸಿವು. ಹೊಟ್ಟೆ ತುಂಬಿದವರು ನನಗೆ ಕುರ್ಚಿ ಕೊಟ್ಟರು, ಹಸಿದವರು ತಟ್ಟೆ ಒಡ್ಡಿದರು. ತಟ್ಟೆ ಒಡ್ಡಿದಾಗಲೇ ನನಗೆ ಮರ್ಯಾದೆ ಸಿಕ್ಕ ಹಾಗಾಯಿತು.

ಮಾರನೇ ಬೆಳಗ್ಗೆ ಮೈಯೆಲ್ಲ ಹಿಡಿದುಕೊಂಡಿತ್ತು. ತೋಳು ತಲೆಗೆ ಏರಲಿಲ್ಲ, ಶೋಭಾನೇ ಜಡೆ ಹಾಕಿದಳು. ಅವಳು ಹಾಕುತ್ತಿರುವಾಗಲೇ ಪ್ರವೀಣಭಾಯಿಗೆ ಫೋನ್ ಮಾಡಿ ಹೇಳಿದೆ: ಬರ್ತೀನಿ, ಲಾರಿಯ ಹಿಂದೆ ನಂಗೆ ಹತ್ತೋಕೆ ಇನ್ನೊಂದು ಮೆಟ್ಟಿಲು ಹಾಕಿಸಿಡಿ.