ಹುಣಸೆಹಣ್ಣಿನಲ್ಲಿ ತಿಕ್ಕಿದ ಕಿವಿಯಂತ್ರ

ಎಪ್ಪತ್ತೇಳನೆಯ ಇಸವಿಯ ಶ್ರಾವಣದ ಒಂದು ಶನಿವಾರ, ಮಧ್ಯಾಹ್ನ ಹನ್ನೆರಡೂವರೆಗೆ, ನಾನು ಹೊಸದುರ್ಗದ ಬಸ್ ನಿಲ್ದಾಣದ ಎದುರಿನ ರೇಡಿಯೋ ರಿಪೇರಿ ಅಂಗಡಿಯಲ್ಲಿ ಮೇಜಿನ ಎಡಗಡೆ ನಿಂತಿದ್ದೆ. ಪಕ್ಕದಲ್ಲಿ ಗೆಳೆಯನಿದ್ದ. ಇಬ್ಬರೂ ಶ್ರೀರಾಂಪುರದ ಕಡೆಯ ಒಂದು ಶಾಲೆಯಲ್ಲಿ ಮೇಷ್ಟರು. ಅವನ ಕಿವಿ ಮಂದವಾಗಿ ವರ್ಷಗಳಾಗಿದ್ದವು. ಜೇಬಿನಲ್ಲಿಡುವ ಕಿವಿಯಂತ್ರದಿಂದಲೇ ಅವನ ಕೆಲಸ ಉಳಿದಿತ್ತು. ಸೋಮವಾರ ಇನ್ಸ್‌ಪೆಕ್ಟರು ಬರುವವರಿದ್ದರು. ಮಕ್ಕಳ ಉತ್ತರ ಅವನಿಗೆ ಕೇಳಿಸುತ್ತದೋ ಇಲ್ಲವೋ ಎಂದು ಪರೀಕ್ಷಿಸುವುದಕ್ಕೇ ಬರುತ್ತಿದ್ದರು.

ಬೆವರು ಇಳಿದು ಯಂತ್ರದೊಳಗಿನ ಪುಟ್ಟ ಹಲಗೆಯ ಮೇಲಿನ, ಕರೆಂಟು ಹರಿಯುವ ತಾಮ್ರದ ಗೆರೆಗಳು ಹಸಿರುಗಟ್ಟಿದ್ದವು. ಅವನು ಅದನ್ನು ಬಿಚ್ಚಿ ತೋರಿಸಿದಾಗ, “ತಾಮ್ರ ತಾನೆ, ಹುಣಸೆಹಣ್ಣು ಉಪ್ಪು ಹಾಕಿ ತಿಕ್ಕು” ಎಂದು ಚೀಟಿಯಲ್ಲಿ ಬರೆದುಕೊಟ್ಟವನು ನಾನು. ನಮ್ಮ ಮನೆಯಲ್ಲಿ ಹಂಡೆಯನ್ನು ಹಾಗೆಯೇ ಬೆಳಗುತ್ತಿದ್ದರು. ಅವನು ತಿಕ್ಕಿದ. ಗೆರೆಗಳು ಹೊಳೆದವು, ಯಂತ್ರ ಪೂರ್ತಿ ಸುಮ್ಮನಾಯಿತು.

ರಿಪೇರಿಯವನು ಭೂತಗನ್ನಡಿ ಹಿಡಿದು ಚಿಮುಟದಿಂದ ಮುಟ್ಟಿದ. ಒಂದು ಗೆರೆ ಈರುಳ್ಳಿ ಸಿಪ್ಪೆಯಂತೆ ಎದ್ದು ಬಂತು.

“ಏನ್ ಹಾಕಿ ತಿಕ್ಕೀರಿ ಇದನ್ನ?”

ಗೆಳೆಯ ತುಟಿ ನೋಡಿ ತಿಳಿದುಕೊಂಡ. “ಹುಣಸೆಹಣ್ಣು. ನಂದೇ ತಪ್ಪು” ಎಂದ.

“ಹಬ್ಬಕ್ಕೆ ತಂಬಿಗೆ ಬೆಳಗಿದಂಗೆ ಬೆಳಗೀರಲ್ರೀ ಮೇಷ್ಟ್ರೇ!” ರಿಪೇರಿಯವನು ಮತ್ತೆ ಹಲಗೆಯ ಮೇಲೆ ಬಗ್ಗಿದ. “ಉಪ್ಪೂ ಹಾಕಿದ್ರಾ? ಹಾಕಿದ್ರೆ ಪೂರಾ ತೊಳೀಬೇಕು. ಇಲ್ಲಾಂದ್ರೆ ನಾನು ಹಾಕೋ ತಂತೀನೂ ತಿಂದಾಕತೈತೆ.”

ಮುಖ ಕಾಣದೆ ಗೆಳೆಯನಿಗೆ ಈ ಮಾತು ತಿಳಿಯಲಿಲ್ಲ.

“ಹಾಕ್ಯಾನೆ” ಎಂದೆ.

“ನಿಮಗೆಂಗ್ ಗೊತ್ತು?”

“ನಾನೇ ಬರಕೊಟ್ಟಿದ್ದು.”

ರಿಪೇರಿಯವನು ಒಮ್ಮೆ ನನ್ನನ್ನು ನೋಡಿದ. ಸ್ಪಿರಿಟ್ಟಿನಲ್ಲಿ ಹಲಗೆಯನ್ನು ಎರಡು ಸಲ ತೊಳೆದು, ಗಾಳಿಗೆ ಆರಿಸಿದ. ವೈರಿನಿಂದ ಕೂದಲೆಳೆಯಂಥ ತಂತಿಗಳನ್ನು ಬಿಡಿಸಿ, ಗೆರೆ ಹರಿದಿದ್ದ ಐದು ಕಡೆ ಉಸಿರು ಬಿಗಿಹಿಡಿದು ಬೆಸೆದ. ನಾನು ಮೇಜಿನ ಅಂಚು ಬಿಡಲಿಲ್ಲ.

ಕೊನೆಗೆ ಯಂತ್ರವನ್ನು ಕಿವಿಗೆ ಹಾಕಿಸಿ, ಗೆಳೆಯನನ್ನು ಬೀದಿ ಕಡೆ ತಿರುಗಿಸಿ ನಿಲ್ಲಿಸಿದ. “ಹಿಂದಿನಿಂದ ಏನಾರ ಮಾತಾಡ್ರಿ” ಎಂದು ನನಗೆ ಹೇಳಿದ.

“ತಪ್ಪಾಯ್ತಪ್ಪ. ನನ್ನಿಂದ ನಿನ್ನ ಕೆಲಸ ಹೋಗ್ತಿತ್ತು” ಎಂದೆ.

ಗೆಳೆಯ ತಿರುಗದೆಯೇ ಹೇಳಿದ: “ಬಸ್ಸಿನ ಸದ್ದಿಗೆ ತಿಳೀಲಿಲ್ಲ. ಇನ್ನೊಂದ್ಸಲ ಹೇಳೋ.”

ಬಸ್ಸು ಅವನಿಗೆ ಕೇಳಿಸಿತ್ತು. ನನಗೆ ಅದೇ ಮಾತನ್ನು ಮತ್ತೆ ಆಡಲಾಗಲಿಲ್ಲ.

“ಹೊತ್ತಾತು, ಹೋಗಾಣ ಅಂದೆ.”

“ಹಂಗನ್ನು” ಎಂದು ನಕ್ಕ.

ಸೋಮವಾರ ಅವನ ಕೆಲಸ ಉಳಿಯಿತು. ಈಗ ಅವನಿಲ್ಲ. ಅಂದು ನಾನು ಮೊದಲು ಆಡಿದ ತಪ್ಪೊಪ್ಪಿಗೆಯ ಮಾತನ್ನು ಕೇಳಿಸಿಕೊಂಡವನು ರಿಪೇರಿಯವನೊಬ್ಬನೇ. ಹೊಳಲ್ಕೆರೆಯಲ್ಲಿ ಮಗಳ ಮನೆಯಲ್ಲಿದ್ದಾನೆ, ಇನ್ನೂ ಬದುಕಿದ್ದಾನೆ.