ಹೋಟೆಲ್ ಮಂಚಕ್ಕೆ ಅಮ್ಮನ ಸೀರೆ

ಹೋಟೆಲಿನ ಹಾಸಿಗೆಯನ್ನು ನಾನು ನಂಬುವವಳಲ್ಲ. ಒಬ್ಬಳೇ ಊರೂರು ತಿರುಗುವ ಚಟ ಹತ್ತಿದಂದಿನಿಂದ ತೀರಿಹೋದ ಅಮ್ಮನ ಹಸಿರು ನೂಲಿನ ಸೀರೆಯೊಂದು ನನ್ನ ಚೀಲದಲ್ಲಿರುತ್ತದೆ. ದುಪ್ಪಟಿ ಎಷ್ಟೇ ಗರಿಗರಿಯಾಗಿರಲಿ, ಅದರ ಮೇಲೆ ಆ ಸೀರೆ ಹಾಸಿಕೊಂಡೇ ಮಲಗುವುದು. ಅಮ್ಮನದೆಂದು ನನ್ನ ಬಳಿ ಉಳಿದಿರುವುದು ಅದೊಂದೇ.

ಹೊಸಪೇಟೆಯ ಆ ಹೋಟೆಲು ವ್ಯವಹಾರಕ್ಕೆ ಬರುವವರಿಗೆಂದೇ ಕಟ್ಟಿದ್ದು. ಕೌಂಟರಿನವನು ನನ್ನ ಆಧಾರ್ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ, "ಒಬ್ರ ಏನ್ರಿ? ಮೈನ್ಸ್ ಕೆಲ್ಸಕ್ಕ ಬಂದೀರೇನು?" ಎಂದ. ಊರು ನೋಡಲು ಎಂದೆ. ಅವನು ನನ್ನನ್ನು ನಂಬಲಿಲ್ಲ, ನಾನೂ ಅವನನ್ನು ನಂಬಲಿಲ್ಲ. ರೂಮಿಗೆ ಹೋದವಳೇ ಬಾಗಿಲಿಗೆ ಕುರ್ಚಿ ಒತ್ತಿಟ್ಟೆ.

ಮೊದಲ ದಿನ ಸಂಡೂರಿಗೆ ಹೋಗಿ ಬಂದೆ. ಯಶವಂತನಗರದ ಬಳಿ ಬಸ್ಸು ಅದಿರಿನ ಲಾರಿಗಳ ಹಿಂದೆ ಸಿಕ್ಕಿಕೊಂಡು, ತಲೆಯಿಂದ ಕಾಲಿನವರೆಗೂ ಕೆಂಪಾದೆ. ಸುಸ್ತಾಗಿ ಹಾಗೆಯೇ ಸೀರೆಯ ಮೇಲೆ ಬಿದ್ದುಕೊಂಡೆ. ಮರುದಿನ ಕಂಪ್ಲಿಗೆ ಹೋಗಿ ಮಧ್ಯಾಹ್ನ ಮರಳಿದರೆ ಮಂಚದ ಮೇಲೆ ಬರೀ ಬಿಳಿ ದುಪ್ಪಟಿ. ಸೀರೆ ಇರಲಿಲ್ಲ.

ತಲೆ ಕೆಟ್ಟುಹೋಯಿತು. ಕೆಳಗಿಳಿದು, ನಮ್ಮಮ್ಮನ ಸೀರೆ ಕದ್ದಿದ್ದಾರೆ ಎಂದು ಕೂಗಾಡಿದೆ. ರೂಮು ಗುಡಿಸುವ ಹೆಂಗಸನ್ನು ಕರೆಸಿದರು. ಇವರೇ ಎಂದು ಬೆರಳು ತೋರಿಸಿಯೇಬಿಟ್ಟೆ. ಮ್ಯಾನೇಜರ್, "ಚೀಲ ತಗಿ. ಸಿಕ್ಕಿತಂದ್ರ ಇವತ್ತ ಕೆಲ್ಸ ಬಿಟ್ಟು ಮನಿಗೆ ನಡಿ" ಎಂದ. ಆಕೆ ಎಲ್ಲರೆದುರು ಕೌಂಟರಿನ ಮೇಲೆ ಚೀಲ ಸುರಿದಳು. ಬುತ್ತಿ ಡಬ್ಬಿ, ಬಾಚಣಿಗೆ, ಆಧಾರ್ ಕಾರ್ಡಿನ ಜೆರಾಕ್ಸ್.

"ಹಸರ ಸೀರಿ ಏನ್ರಿ?" ಎಂದಳು ಆಮೇಲೆ. "ಕೆಂಪು ಧೂಳ ಹತ್ತಿತ್ತಲ್ರಿ, ಹೋಟೆಲಿನ ಸೀರಿನ ಅಂತ ತಿಳಕೊಂಡೆ."

ಗಣಿ ಕಡೆಯಿಂದ ಬರುವವರಿಂದ ದುಪ್ಪಟಿ ಕೆಂಪಾಗುತ್ತದೆಂದು ಅಂಥವರ ಮಂಚಕ್ಕೆ ಅಲ್ಲಿ ಹಳೆಯ ಸೀರೆ ಹಾಸುತ್ತಾರಂತೆ. ನನ್ನದನ್ನು ಕೊಡವಿ ಮೇಲಿನ ರೂಮಿಗೆ ಹಾಕಿದ್ದಳು. ಹೋಗಿ ಬಾಗಿಲು ಬಡಿದೆವು. ಅಮ್ಮನ ಸೀರೆಯ ಮೇಲೆ ಲಾರಿ ಮಾಲೀಕರೊಬ್ಬರು ಬನಿಯನ್ನಿನಲ್ಲಿ ಕುಳಿತು ಮಂಡಕ್ಕಿ ತಿನ್ನುತ್ತಿದ್ದರು.

"ಸ್ವಲ್ಪ ಏಳ್ರಿ ಸಾವ್ಕಾರ್ರ" ಎಂದು ಆಕೆ ಸೀರೆ ತೆಗೆದು, ಮಡಚಿ ನನ್ನ ಕೈಗಿಟ್ಟಳು. "ನಿಮ್ಮ ಅವ್ವಂದಂತ ಒಂದ್ ಮಾತು ಹೇಳಿ ಹೋಗ್ಬೇಕಿತ್ರಿ."

ತಪ್ಪಾಯಿತು ಎಂದೆ. ಮ್ಯಾನೇಜರಿಗೂ ತಿಳಿಸಿ ಹೇಳಿದೆ. ಕೆಲಸವೇನೋ ಉಳಿಯಿತು. ನನಗೆ ಮಾತ್ರ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ಮರುದಿನ ಬೆಳಿಗ್ಗೆ ಹಂಪಿಗೆ ಹೊರಟಾಗ ಆಕೆ ಪೊರಕೆ ಹಿಡಿದು ನನ್ನ ರೂಮಿನ ಹೊರಗೆ ನಿಂತಿದ್ದಳು. ಬನ್ನಿ, ಗುಡಿಸಿ ಎಂದು ದಾರಿ ಬಿಟ್ಟೆ.

"ನೀವು ಒಳಗ ಕುಂದ್ರಿ. ನೀವಿದ್ರನ ಬರ್ತೀನ್ರಿ."

ಬಸ್ಸು ಹೋದರೆ ಹೋಗಲಿ ಎಂದು ಅದೇ ಕುರ್ಚಿಯಲ್ಲಿ ಕುಳಿತೆ. ಆಕೆ ಬಾಗಿಲನ್ನು ಅಗಲಕ್ಕೆ ತೆರೆದಿಟ್ಟು ಗುಡಿಸಿದಳು. ಮಂಚವನ್ನು ಮುಟ್ಟಲಿಲ್ಲ. ಹೊರಡುವಾಗ, ನಾನು ಕೇಳದಿದ್ದರೂ, ನನ್ನೆದುರು ನಿಂತು ಎರಡೂ ಅಂಗೈ ಬಿಚ್ಚಿ, ಸೆರಗು ಕೊಡವಿ ತೋರಿಸಿದಳು.