ನೈವಾಶಾದಲ್ಲಿ ಐಸ್ ಕಟ್ಟಲಿಲ್ಲ

ಇ-ಮೇಲ್ ಗುಂಪಿನ ಗೆಳೆಯರೇ, ನೈರೋಬಿಯ ಜುಲೈ ಚಳಿಯಲ್ಲಿ ಸ್ವೆಟರ್ ಹಾಕಿಕೊಂಡು ಇವತ್ತಿನ ಕಥೆ ಕೇಳಿ.

ಕರೆನ್ ಬಡಾವಣೆಯಲ್ಲಿರುವ ನಮ್ಮ ಡಾಕ್ಟರ್ ಭಾವ, ಇಂಗ್ಲೆಂಡಿಗೆ ವಾಪಸ್ ಹೊರಟಿದ್ದ ಸಾಹೇಬರೊಬ್ಬರಿಂದ ದೋಣಿ ಕೊಂಡಿದ್ದರು. ಚಳಿಗಾಲದಲ್ಲಿ ದೋಣಿ ನೀರಿನಲ್ಲೇ ಇದ್ದರೆ ವಾರಕ್ಕೊಮ್ಮೆ ಸುತ್ತ ಐಸ್ ಕಟ್ಟಿದೆಯೇ ನೋಡಬೇಕೆಂದು ಅದರ ಜೊತೆ ಬಂದ ಇಂಗ್ಲೆಂಡಿನ ಪುಸ್ತಕದಲ್ಲಿತ್ತು. ಅಚ್ಚಾದದ್ದನ್ನು ಮೀರುವ ಜಾಯಮಾನ ಭಾವನದಲ್ಲ. ದೋಣಿ ಕಟ್ಟಿದ್ದ ನೈವಾಶಾ ಸರೋವರದ ಕಾವಲುಗಾರನಿಗೆ ಆ ಕೆಲಸ ಒಪ್ಪಿಸಿದರು. ಪ್ರತಿ ಶನಿವಾರ ಅವನ ಫೋನು: "ಬರಾಫು ಹಕುನಾ, ಡಕ್ಟಾರಿ." ಐಸ್ ಇಲ್ಲ. ಭಾವ ನಿಶ್ಚಿಂತೆ.

ಇವತ್ತು ನಾವಿಬ್ಬರೂ ಹೋಗಿ ನೋಡಿದರೆ ದೋಣಿ ಅರ್ಧ ಮುಳುಗಿದೆ, ಒಂದು ಪಕ್ಕ ಒಡೆದುಹೋಗಿದೆ.

"ಹಿಪ್ಪೋ ದಿನಾ ಬಂದು ದೋಣಿಗೆ ಮೈ ಉಜ್ಜುತ್ತಿತ್ತು," ಎಂದ ಕಾವಲುಗಾರ.

"ಫೋನಲ್ಲಿ ಯಾಕೆ ಹೇಳ್ಲಿಲ್ಲ?" ಭಾವ ಕೂಗಿದರು.

"ನೀವು ಕೇಳಿದ್ದು ಐಸ್ ಬಗ್ಗೆ ಮಾತ್ರ, ಡಕ್ಟಾರಿ."

ವಾಪಸ್ ಬರುವಾಗ ಲಿಮುರು ಊರು ದಾಟಿದ ಮೇಲೆ ಭಾವ ನನ್ನ ಕಡೆ ತಿರುಗಿ, "ಏನೇ ಹೇಳು, ಆ ಬುಕ್ ಓದಿದ್ದಕ್ಕೆ ಐಸ್ ಪ್ರಾಬ್ಲಮ್ ಮಾತ್ರ ಬರ್ಲೇ ಇಲ್ಲ ನೋಡು," ಅಂದರು.